ಎರಡು ಗೆರೆ

ಶಿಲ್ಲಾಂಗಿನ ಆಸ್ಪತ್ರೆ, ಮೂರನೆ ಮಹಡಿ,
ಎಕ್ಸ್‌ರೇ ಕೋಣೆಯ ಪಕ್ಕ ನನ್ನ ಮೇಜು.
ಕೆಲಸ ಇಷ್ಟೇ: ಫೋನು ಮಾಡುವುದು,
ಇದ್ದಾರೆಯೆ ಇಲ್ಲವೆ ಕೇಳುವುದು,
ಕೇಳಿದ್ದನ್ನು ಚೌಕದೊಳಗೆ ಬರೆಯುವುದು.

ಇನ್ನೂರ ಹದಿನಾಲ್ಕು ಬಾಯಿ.
ನಾಲಿಗೆಯ ಅಂಚು, ಒಸಡು, ಕೆನ್ನೆಯ ಒಳಗೋಡೆ.
ಕೆಲವರಿಗೆ ಮೊದಲು ಕತ್ತಿ, ಗಾಯ ಮಾಯ್ದ ಮೇಲೆ ಕಿರಣ.
ಉಳಿದವರಿಗೆ ಕತ್ತಿ ಸೋಕಿಸದೆ
ಔಷಧಿ, ಕಿರಣ ಒಟ್ಟೊಟ್ಟಿಗೆ.
ಯಾರಿಗೆ ಯಾವುದೆಂದು ಚೀಟಿ ಎತ್ತಿದವರಿಲ್ಲ.
ಗಡ್ಡೆ ಎಲ್ಲಿಯವರೆಗೆ ಬೇರು ಬಿಟ್ಟಿತ್ತು,
ಗುವಾಹಾಟಿಯ ಬಸ್ಸಿಗೆ ದುಡ್ಡಿತ್ತೆ,
ಆ ವಾರವೇ ಮಗಳ ಹೆರಿಗೆಯಿತ್ತೆ,
ಎಲ್ಲ ಸೇರಿ ಎತ್ತಿದ ಚೀಟಿ ಅದು.

ಡಾಕ್ಟರ್ ಸಿಯೆಮ್ಲಿಯೆ ಪರದೆಯ ಮೇಲೆ ತೋರಿಸಿದರು:
ಕತ್ತಿಯದು ನೀಲಿ, ಇನ್ನೊಂದು ಕೆಂಪು.
ಎರಡೂ ಒಂದೇ ಎತ್ತರದಿಂದ ಹೊರಟು
ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ.
ಒಂದೊಂದು ಮೆಟ್ಟಿಲೂ ನಾನು ತುಂಬಿದ ಒಂದು ಚೌಕ.
ಅರವತ್ತನೆ ತಿಂಗಳಿಗೆ ಅವುಗಳ ನಡುವೆ ಉಳಿಯುವ ಸಂದು
ನನ್ನ ಹೆಬ್ಬೆರಳಿನಷ್ಟಗಲ.
"ಇಷ್ಟಕ್ಕೇ ನೋಡು ನಾವು ಕಾದದ್ದು" ಅಂದರು.

ಬಾಟ್‌ಸ್ಕೆಮ್ ಖರ್‌ಬುಲಿ. ನೀಲಿ. ನಲವತ್ತೊಂದನೆ ತಿಂಗಳು.
ಅರ್ಧ ನಾಲಿಗೆ. ಫೋನು ತಾವೇ ಎತ್ತುತ್ತಾರೆ,
ಸ್ವರಗಳಷ್ಟೇ ಬರುತ್ತವೆ, ವ್ಯಂಜನಗಳು ಕತ್ತಿಗೆ ಹೋದವು.
ನಡುವೆ ಅಂಗಳಕ್ಕೆ ನುಗ್ಗಿದ ಕೋಳಿಯನ್ನು ಓಡಿಸಿದರು,
ಅದೊಂದು ಸ್ಪಷ್ಟ ಕೇಳಿಸಿತು.
ಇದ್ದಾರೆ, ಬರೆದೆ.
ಹೇಗಿದ್ದಾರೆ ಎಂಬುದಕ್ಕೆ ಚೌಕವಿಲ್ಲ.

ಫಿಡಾಲಿನ್ ಮಾವ್ಲಾಂಗ್. ಕೆಂಪು.
ನಾಲಿಗೆ ಪೂರ್ತಿ ಇದೆ, ರುಚಿ ಇಲ್ಲ.
ಬಾಯಿ ಎರಡು ಬೆರಳಗಲಕ್ಕಿಂತ ತೆರೆಯದು,
ಜೊಲ್ಲು ಬತ್ತಿ ಅನ್ನವೆಲ್ಲ ಮರಳಂತೆ.
ಆದರೂ ಭಾನುವಾರ ಚರ್ಚಿನ ಹಿಂದಿನ ಸಾಲಲ್ಲಿ
ಹಾಡುತ್ತಾಳಂತೆ, ನೀರಿನ ಬಾಟಲಿ ಹಿಡಿದು.
ಇದ್ದಾಳೆ.

ಮಾವ್‌ಸಿನ್ರಾಮಿನ ಒಬ್ಬಾತ ಫೋನು ಎತ್ತಲೇ ಇಲ್ಲ, ಆರು ಸಲ.
ಅವನಿಗೆ ಗೆರೆಯ ಮೇಲೊಂದು ಪುಟ್ಟ ಕಡ್ಡಿ:
ಇಲ್ಲಿಯವರೆಗೆ ಕಂಡಿದ್ದ, ಮುಂದಿನದು ತಿಳಿಯದು.
ಸತ್ತವರಿಂದ ಗೆರೆ ಇಳಿಯುತ್ತದೆ, ಕಾಣದವರಿಂದಲ್ಲ.
ಹೇಳಬಾರದು, ನನಗೆ ಆ ಕಡ್ಡಿಗಳೇ ಇಷ್ಟ.

ನಿನ್ನೆ ಸೊಹ್ರಾ ಬದಿಯ ಹಳ್ಳಿಗೆ ಮಾಡಿದೆ.
"ಬಾನ್ರಿ ಇದ್ದಾಳೆಯೆ?"
ಅವಳ ತಂಗಿ, ನಾವೆಲ್ಲ ಹೇಳುವ ಹಾಗೆಯೇ ಹೇಳಿದಳು:
"ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿದ್ದಾಳೆ."

ಸತ್ತರು ಅನ್ನುವುದಿಲ್ಲ ನಾವು.
ಹಸಿ ಅಡಿಕೆ, ಎಲೆ, ಬೆರಳ ತುದಿಯ ಸುಣ್ಣ:
ಬಂದವರಿಗೆ ನೀರಿಗಿಂತ ಮೊದಲು ಕೊಡುವುದು,
ಬಡವರ ಮನೆಯಲ್ಲೂ ಇಲ್ಲ ಎನ್ನದ್ದು.
ಅಜ್ಜಿಯ ಕಾಲದಲ್ಲಿ ದಾರಿಗೂ ಅದೇ ಅಳತೆ,
ಆ ಊರು ಎರಡು ಕ್ವಾಯ್ ದೂರ, ಈ ಸಂತೆ ಮೂರು.
ಬಾನ್ರಿಯ ಕೆನ್ನೆ ತಿಂದದ್ದೂ ಅದೇ.
ತಂಗಿಗೂ ಗೊತ್ತು. ನನಗೂ.
ಇಬ್ಬರೂ ಸುಮ್ಮನಾದೆವು.
ಆ ಕಡೆಯಿಂದ ಮೆಲ್ಲಗೆ ಜಗಿಯುವ ಸದ್ದು.

ಬರೆದೆ: ಇಲ್ಲ. ಇಪ್ಪತ್ತಾರನೆ ತಿಂಗಳು.
ಕೆಂಪು ಗೆರೆ ಒಂದು ಮೆಟ್ಟಿಲು ಇಳಿಯಿತು,
ಸಂದು ಕೂದಲೆಳೆಯಷ್ಟು ಅಗಲವಾಯಿತು.
ಯಾವುದು ಮೇಲೆಂದು ಮುಂದೆ ಬರುವವರಿಗೆ ತಿಳಿಯಲು
ಅವಳೂ ಬೇಕಿತ್ತು ಅಂದುಕೊಂಡೆ,
ಅಂದುಕೊಂಡದ್ದಕ್ಕೆ ಪೆನ್ನು ಕೆಳಗಿಟ್ಟೆ.

ಸಂಜೆ ಷೇರ್ ಟ್ಯಾಕ್ಸಿ, ಹಿಂದೆ ನಾಲ್ವರು, ಕಿಟಕಿಗೆ ಮಂಜು.
ಡ್ರೈವರ್ ಹಿಂದಿರುಗದೆಯೇ ಕೈ ಚಾಚಿ
ಅರ್ಧ ಹೋಳು, ಮಡಿಸಿದ ಎಲೆ ನನ್ನತ್ತ ಹಿಡಿದ.
ಬೇಡ ಅನ್ನಲು ಬಾಯಿ ಬರಲಿಲ್ಲ.
"ಎಲ್ಲಿಯವರೆಗೆ, ಅಕ್ಕಾ? ದೂರವೆ?"
"ಒಂದು ಕ್ವಾಯ್" ಅಂದೆ,
ಅದನ್ನು ಮುಷ್ಟಿಯೊಳಗೇ ಬೆಚ್ಚಗೆ ಹಿಡಿದುಕೊಂಡು.