ಹನ್ನೊಂದು ಬಿಂದು ಸೊನ್ನೆ ಐದು ಒಂಬತ್ತು ಎರಡು

ಬೆಳಿಗ್ಗೆ ಏಳಕ್ಕೆ ಸರಿಯಾಗೇ ಹೇಳುತ್ತಿತ್ತು:
ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು.
ಹನ್ನೊಂದು ದಾಟಿ
ಒಲೆಯ ಹಬೆ ಶೀಟಿಗೆ ತಾಗಿದ ಮೇಲೆ
ಅಮಾನುಲ್ಲಾನ ರೀಲಿಂಗ್ ಶೆಡ್ಡಿನ ಪರದೆ
ಬೇರೆಯೇ ಭಾಷೆಗೆ ಬಿತ್ತು:
ಒಂದು ಚೌಕ, ಒಂದು ಬಾಲದ ಅಕ್ಷರ,
ನೆತ್ತಿಯ ಮೇಲೆ ಎರಡು ಚುಕ್ಕಿಯ ವೈ.
"ಏನಮ್ಮಾ, ನಿನ್ನ ಮಿಷಿನ್ನಿಗೆ ಗಾಳಿ ಸೋಕಿದೆಯಾ?"
ಗೂಡು ಬೇಯುವ ನೀರಿನ ಬಿಸಿ ಹೇಳಲಿಕ್ಕೆ
ಹನ್ನೆರಡು ನೂರಕ್ಕೆ ಒಪ್ಪಿದ್ದೆ. ಅರ್ಧ ಮುಂಗಡ, ಖರ್ಚಾಗಿತ್ತು.

ಗಾಳಿ ಅಲ್ಲ, ನನ್ನ ಜಿಪುಣತನ.
ಚಿಪ್‌ನ ಹೊಟ್ಟೆಯಲ್ಲೇ ಒಂದು ಗಡಿಯಾರ
ಬಿಟ್ಟಿ ಸಿಗುತ್ತದೆ. ಹರಳಿಲ್ಲದ್ದು.
ಶಿಡ್ಲಘಟ್ಟದ ಬೆಳಗಿಗೊಂದು ನಡಿಗೆ,
ಕುದಿಯುವ ಬಾಣಲೆಯ ಪಕ್ಕ ಇನ್ನೊಂದು.

ಈಚೆ ಚಿಪ್ಪು, ಆಚೆ ಪರದೆ,
ಮಾತಿಗೆ ಒಂದೇ ತಂತಿ. ತಾಳ ಹಾಕುವವರಿಲ್ಲ.
ತಂತಿ ತಗ್ಗಿದರೆ ಶುರು ಅಂತ ಅರ್ಥ.
ಅಲ್ಲಿಂದ ಎಂಟು ಹೆಜ್ಜೆ,
ಒಂದೊಂದರ ನಟ್ಟನಡುವೆ ಕಣ್ಣು ಬಿಟ್ಟು ನೋಡಬೇಕು:
ಇದೆಯಾ, ಇಲ್ಲವಾ.
ಕೊನೆಗೊಂದು ನಿಲುಗಡೆ.
ಮೊದಲ ಹೆಜ್ಜೆಗೆ ಕೂದಲೆಳೆ ತಪ್ಪಿದವ
ಎಂಟನೆಯದಕ್ಕೆ ಪಕ್ಕದ ಮನೆಯ ಬಾಗಿಲಲ್ಲಿ.
ನೂರಕ್ಕೆ ಎರಡು ಇವನದು, ಎರಡು ಅವನದು,
ಅದಕ್ಕಿಂತ ಹೆಚ್ಚು ಸಾಲ ಹುಟ್ಟುವುದಿಲ್ಲ.

ಸರಿ, ಹರಳು ಹಾಕಿದೆ. ಹದಿನಾರು, ದುಂಡು ಸಂಖ್ಯೆ,
ಎಲ್ಲರೂ ಹಾಕುವುದೇ ಅದು.
ಪರದೆಯದೋ ಗುಜರಿಯಲ್ಲಿ ಸಿಕ್ಕ ಜಂಬದ ಜೀವ,
ಸೆಕೆಂಡಿಗೆ ಒಂದು ಲಕ್ಷ ಹದಿನೈದು ಸಾವಿರದ ಇನ್ನೂರು,
ಅದಕ್ಕೆ ಕಮ್ಮಿ ಮಾತಾಡಲ್ಲ.
ಭಾಗಿಸಿದರೆ ಎಂಟೂಮುಕ್ಕಾಲಿಗೆ ಒಂದೆಳೆ ಕಮ್ಮಿ.
ಚಿಪ್‌ಗೆ ಮುಕ್ಕಾಲು ಗೊತ್ತಿಲ್ಲ,
ಒಂಬತ್ತು ಅಂದಿತು, ಮೂರೂವರೆ ಹಿಂದೆ ಬಿತ್ತು.
ಹತ್ತಕ್ಕೆ ಎಂಟು ಸಲ ತೊಂಬತ್ತು,
ಎರಡು ಸಲ ಆ ವೈ.
ಪೂರಾ ಕೆಟ್ಟಿದ್ದರೆ ಎಷ್ಟೋ ವಾಸಿ.

ಮಧ್ಯಾಹ್ನ ಅಲ್ಲೇ ಕೂತು ಮೆಹಬೂಬಿಯ ಕೈ ನೋಡಿದೆ.
ಅವಳು ಬಾಣಲೆಯಲ್ಲಿ, ತಿಪ್ಪಕ್ಕ ಚಕ್ರದಲ್ಲಿ,
ಒಬ್ಬರ ಮುಖ ಒಬ್ಬರಿಗೆ ಕಾಣದು.
ಎಳೆ ಕಡಿದರೆ ಮೆಹಬೂಬಿ "ಹೂಂ" ಅನ್ನುತ್ತಾಳೆ,
ಚಕ್ರ ನಿಲ್ಲುತ್ತದೆ, ಎಳೆ ಕೂಡುತ್ತದೆ,
ಲೆಕ್ಕ ಮತ್ತೆ ಒಂದರಿಂದ.
ಹಿಂದಿನ ಎಳೆಯ ತಪ್ಪು ಮುಂದಿನದಕ್ಕೆ ಅಂಟುವುದಿಲ್ಲ.
ತಂತಿಯಲ್ಲೂ ಹಾಗೇ. ಪ್ರತಿ ಅಕ್ಷರಕ್ಕೂ ಹೊಸ ಶುರು,
ಹಳೆಯದೆಲ್ಲ ಮಾಫಿ.
ಆದರೆ ಮಾಫಿಯಾಗುವ ಮುಂಚಿನ ಆ ಹತ್ತು ಹೆಜ್ಜೆ
ನಾವೇ ನಡೆಯಬೇಕಲ್ಲ.

ಮನೆಯ ಬಿಸ್ಕತ್ ಡಬ್ಬಿ ಮಗುಚಿದೆ.
ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು,
ಎಲ್ಲ ನೆಟ್ಟಗಿನ ಮಕ್ಕಳು.
ತಳದಲ್ಲಿ ಒಂದು ತವರದ ಮುಚ್ಚಳದ್ದು,
ಮೈಮೇಲೆ ಒರಟು ಅಂಕೆ:
ಹನ್ನೊಂದು ಬಿಂದು ಸೊನ್ನೆ ಐದು ಒಂಬತ್ತು ಎರಡು.
ಯಾವ ಪುಣ್ಯಾತ್ಮ ಇಟ್ಟ ಹೆಸರಪ್ಪಾ!
ಭಾಗಿಸಿದೆ. ಆರು.
ಶೇಷ ಸೊನ್ನೆ.
ಮತ್ತೊಮ್ಮೆ ಭಾಗಿಸಿದೆ, ಸುಮ್ಮನೆ, ಖುಷಿಗೆ.

ಅಕ್ಕಪಕ್ಕ ಅಕ್ಕಿಕಾಳಿನಂಥ ಎರಡು ಕೆಪಾಸಿಟರ್ ಕೂರಿಸಿ
ಬೆಸುಗೆ ಹಾಕಿ ಹೋದಾಗ ಮೂರು ಗಂಟೆ.
ಶೆಡ್ಡು ಕುದಿಯುತ್ತಿತ್ತು.
ತೊಂಬತ್ತೊಂದು, ಅಂದಿತು ಪರದೆ. ತೊಂಬತ್ತೊಂದು. ತೊಂಬತ್ತು.
ನಾಲ್ಕಕ್ಕೂ ಅದೇ ಭಾಷೆ.

"ಎಲ್ಲಿ ಸಿಕ್ತು ಈ ಕಲ್ಲು?" ಅಮಾನುಲ್ಲಾ ಕೇಳಿದ.
"ಹಳೇ ಒಂದು ರೂಪಾಯಿ ಫೋನಿನದು,
ಮಾರ್ಕೆಟ್ ಗೇಟಿನ ಹತ್ತಿರ ಇತ್ತಲ್ಲ, ಹಳದಿ ಡಬ್ಬ."
ಬಾಣಲೆಯಿಂದ ಮೆಹಬೂಬಿ ತಲೆ ಎತ್ತಿದಳು,
ದಿನಕ್ಕೆ ಮೊದಲ ಸಲ:
"ಅದಾ? ಥೂ! ಮೂರು ನಿಮಿಷ ಅಂತ ಬರೆದಿತ್ತು,
ಒಂದು ದಿನವೂ ಎರಡೂವರೆ ದಾಟಲಿಲ್ಲ.
ಅರ್ಧ ಮಾತಿಗೇ ಕಟ್ಟು."

ಹರಳಿನ ತಪ್ಪಿರಲ್ಲ, ಅಂದೆ,
ಯಾರೋ ಏನೋ ತಿರುಗಿಸಿರಬೇಕು.
ಬಾಕಿ ಆರುನೂರು ಎಣಿಸಿಕೊಂಡೆ.
ಆ ಅಂಗಡಿ ನಮ್ಮಪ್ಪನದು ಅಂತ ಹೇಳಲಿಲ್ಲ.