ಕಾಲಂ ಏಳು

ನಮೂನೆಯ ಏಳನೇ ಕಾಲಂ ಕೇಳುತ್ತದೆ:
ಇಲ್ಲಿ ನೀರು ಅತಿ ಎತ್ತರಕ್ಕೆ ನಿಂತದ್ದು ಎಷ್ಟು, ಯಾವ ವರ್ಷ?
ಮಿಕ್ಕದ್ದೆಲ್ಲ ಬೆಳಿಗ್ಗೆಯೇ ತುಂಬಿಬಿಟ್ಟಿದ್ದೆ.
ಶೆಡ್ಡಿನ ಅಳತೆ, ಪಾಯದ ಆಳ,
ಜನರೇಟರ್ ನೆಲದ ಮೇಲೇ, ಹಿಂಬಾಗಿಲ ಪಕ್ಕ,
ಆಸಿಡ್ ಪೀಪಾಯಿ ನಲವತ್ತು, ಒಂದನ್ನೂ ಕಟ್ಟಿಲ್ಲ,
ಚರಂಡಿ ನೀರು ಹಿಂದಕ್ಕೆ ನುಗ್ಗದಂತೆ ಕವಾಟ
ಇದೆ ಎಂದರು. ಬಗ್ಗಿ ನೋಡಿದೆ, ಇಲ್ಲ.

ಮ್ಯಾನೇಜರ್ ಸೆಲ್ವರಾಜ್ ನಕ್ಕರು:
"ವೇಮಗಲ್ಲಲ್ಲಿ ನೆರೆ ಅಂದರೆ ಪಕ್ಕದ ಮನೆಯೋರು, ಮೇಡಂ.
ಸಾವಿರದೈನೂರು ಅಡಿ ಕೊರೆದರೂ
ಧೂಳು ಕೊಡೋ ಸೀಮೆ ಇದು."
ನಕಾಶೆಯೂ ಅವರ ಕಡೆಗೇ.
ಕೆರೆಯಂಗಳಕ್ಕೆ ಹಳದಿ ಬಳಿದು
ಪ್ಲಾಟ್ ನಂಬರು ಬರೆದಿದ್ದಾರೆ.
ರಾಜಕಾಲುವೆ ಒಂದು ನೀಲಿ ಎಳೆ,
ಈ ಕಾಂಪೌಂಡಿನವರೆಗೆ ಬಂದು
ಅಲ್ಲೇ ಮುಗಿದುಹೋಗಿದೆ.

ಗೇಟಿನಲ್ಲಿ ಪಿಳ್ಳಮುನಿಯಪ್ಪ.
ತಾತನ ಕಾಲದಿಂದ ನೀರಗಂಟಿ ಮನೆತನ,
ಆಗ ತೂಬು ಎತ್ತುತ್ತಿದ್ದ, ಈಗ ಲಾರಿಗಳಿಗೆ ಕಂಬಿ ಎತ್ತುತ್ತಾನೆ.
ಕೇಳಿದ್ದಕ್ಕೆ ಬಾಯಲ್ಲಿ ಹೇಳಲಿಲ್ಲ.
ಟೋಪಿ ಕುರ್ಚಿಯ ಮೇಲಿಟ್ಟು
ಲೋಡಿಂಗ್ ಕಟ್ಟೆಯ ಹಿಂದಕ್ಕೆ ಕರೆದುಕೊಂಡು ಹೋದ.

ಗೋಡೆಗೆ ಆತು ನಿಂತಿದೆ ತೂಬಿನ ಕಲ್ಲುಗಂಬ,
ಕೀಳಹೋದರೆ ಜೆಸಿಬಿಯ ಹಲ್ಲು ಮುರಿದೀತೆಂದು ಬಿಟ್ಟದ್ದು.
ಉಳಿಯಲ್ಲಿ ಹೊಡೆದ ಗೆರೆ ಮೂರಂತೆ,
ಒಂದು ಮಣ್ಣಲ್ಲಿ ಹೂತಿದೆ.
ಇನ್ನೊಂದು, ಕೋಡಿ ಬೀಳುವ ಮಟ್ಟ.
ಮೇಲಿನದು?
"ನಮ್ಮಪ್ಪ ಹೊಡೆದಿದ್ದು. ನಾನು ಹುಟ್ಟಿದ ವರ್ಷ.
ಕೋಡಿ ಮೇಲೆ ಮೊಳದಷ್ಟು ಹರೀತಂತೆ.
ಗಂಗಮ್ಮನಿಗೆ ಮರಿ ಹೊಡೆದು
ಎರಡು ರಾತ್ರಿ ಕಟ್ಟೆ ಮೇಲೇ ಕಾದರಂತೆ."
ಯಾವ ವರ್ಷ ಅದು?
"ಆಧಾರ್ ಕಾರ್ಡಲ್ಲಿರೋದು ಬರ್ಕೊಳ್ಳಿ,
ಅವರೇ ಏನೋ ಹಾಕವ್ರೆ."

ಲೆವೆಲ್ ಪೈಪಿಗೆ ನೀರು ತುಂಬಿದೆವು.
ಒಂದು ತುದಿ ಹಿಡಿದು ಅವನು ಗೆರೆಯ ಹತ್ತಿರ,
ಇನ್ನೊಂದು ತುದಿ ಹಿಡಿದು ನಾನು ಒಳಗೆ,
ವೈರುಗಳ ರಾಶಿ ದಾಟಿ, ಕರೆಂಟಿನ ಪ್ಯಾನೆಲ್ ದಾಟಿ.
ಕೊಳವೆಯಲ್ಲಿ ನೀರು
ಏರಿತು, ಇಳಿಯಿತು, ತೂಗಿತು,
ಬೆಸುಗೆ ಹಾಕುತ್ತ ಸ್ಟೂಲಿನ ಮೇಲೆ ಕೂತಿದ್ದ
ರೆಹಾನಾಳ ಗಂಟಲಿನ ಮಟ್ಟಕ್ಕೆ
ಬಂದು ನಿಂತಿತು.
ಪ್ಯಾನೆಲ್ಲು ಆಗಲೇ ಮುಳುಗಿತ್ತು.
"ಏನು ಅಳೀತಿದ್ದೀರ, ಅಕ್ಕಾ?"
ಅವಳದೇ ಮೇಜಿನ ಕೆಂಪು ಟೇಪು ಹರಿದು
ಕಂಬಕ್ಕೆ ಅಂಟಿಸಿದೆ.

"ಇಷ್ಟು ದೊಡ್ಡ ನೆಲ ಎತ್ತೋದಾ?" ಸೆಲ್ವರಾಜ್ ಈಗ ನಗಲಿಲ್ಲ.
ನೆಲ ಬೇಡ ಎಂದೆ. ಪ್ಯಾನೆಲ್ ಎತ್ತಿ, ಜನರೇಟರಿಗೆ ಕಟ್ಟೆ ಕಟ್ಟಿ,
ಬಾಗಿಲಿಗೆ ಎರಡೂ ಕಡೆ ಗಾಡಿ ಕೊರೆದು
ಹಲಗೆ ಇಳಿಸುವಂತೆ ಮಾಡಿ.
"ಹಲಗೆ ಸಂದಿಗೆ ಜೇಡಿ ಮೆತ್ತಬೇಕು," ಬಾಗಿಲಲ್ಲೇ ನಿಂತಿದ್ದ
ಪಿಳ್ಳಮುನಿಯಪ್ಪ ಹೇಳಿದ, "ಅದು ನಂಗೆ ಬರ್ತದೆ."
ನೆರೆಯ ಹೊತ್ತಲ್ಲಿ ಹಲಗೆ ಇಳಿಸುವವರು ಯಾರು,
ಹೆಸರು, ಹುದ್ದೆ, ಮೊಬೈಲ್:
ಕಾಲಂ ಹನ್ನೊಂದರಲ್ಲಿ ಅವನನ್ನು ಬರೆದೆ.
ಏಳರಲ್ಲಿ ಮೀಟರು ಬರೆದು,
ವರ್ಷ ಖಾಲಿ ಬಿಟ್ಟೆ.
ಕಂಪ್ಯೂಟರು ಮೂರು ಸಲ ತಿರಸ್ಕರಿಸಿತು.

ಆಶ್ವಯುಜದಲ್ಲಿ ಮತ್ತೆ ಹೋದೆ.
ಪ್ಯಾನೆಲ್ ಎತ್ತಿದ್ದಾರೆ. ಜನರೇಟರ್ ಅಲ್ಲೇ.
ಏಜೆನ್ಸಿಯವರು ಪಿಳ್ಳಮುನಿಯಪ್ಪನನ್ನು
ಮಾಲೂರಿನ ಯಾವುದೋ ಗೋದಾಮಿಗೆ ಹಾಕಿದ್ದಾರಂತೆ.
ಕಂಬದ ಕೆಂಪು ಟೇಪು
ಒಂದು ಗೇಣು ಕೆಳಗಿತ್ತು.
ಯಾರೂ ಮುಟ್ಟಿಲ್ಲ ಎಂದರು.

ಜೀಪಿನಿಂದ ಕೊಳವೆ ತಂದೆ.
ಆಚೆ ತುದಿ ಹಿಡಿಯಲು ಇನ್ನೊಬ್ಬರು ಬೇಕು.
ರೆಹಾನಾ ಸ್ಟೂಲಿನಿಂದ ಎದ್ದಳು.