ಮಟ್ಟ

ನಮ್ಮೂರಲ್ಲಿ ಬೆಳಗಾದರೆ ಪೇಪರಿನ ಮೂಲೆಯ ಆ ಚೌಕ ಮೊದಲು ಓದುತ್ತಾರೆ:
ಕಟ್ಟೆಯಲ್ಲಿ ಇವತ್ತೆಷ್ಟು ಅಡಿ, ಒಳಹರಿವೆಷ್ಟು, ಹೊರಹರಿವೆಷ್ಟು.
ಸತ್ತವರ ಸುದ್ದಿ ಆಮೇಲೆ.
ಟೀ ಅಂಗಡಿಯ ಬೆಂಚಿನ ಮೇಲೆ ನಾನೂ ಓದುತ್ತೇನೆ,
ಹದಿನೆಂಟು ವರ್ಷ ನಾಲೆ ಸೌಡಿಯಾಗಿದ್ದವನು,
ಗೇಜು ಕಲ್ಲಿನ ಗೆರೆ ನೋಡಿ ಬುಕ್ಕಿಗೆ ಬರೆದವನು.
ಜೇಬಲ್ಲಿ ಇನ್ನೊಂದು ಚೀಟಿ, ಮೈಸೂರಿನ ದೊಡ್ಡಾಸ್ಪತ್ರೆಯದು:
ಲೀಥಿಯಂ, ಸೊನ್ನೆ ಪಾಯಿಂಟ್ ಏಳು.
ಅದನ್ನು ಯಾರೂ ಕೇಳುವುದಿಲ್ಲ.

ಆ ವರ್ಷ ಭೀಮನಮಾವಾಸ್ಯೆ ಕಳೆದ ಮೇಲೆ ನಿದ್ದೆ ಬೇಡವಾಯಿತು.
ಬರಲಿಲ್ಲ ಅಂತಲ್ಲ. ಬೇಡವಾಯಿತು.
ಒಂದು ಗಂಟೆ ಮಲಗಿ ಎದ್ದರೆ ಮೈ ಹೊಸ ಹಗ್ಗದಂತೆ ಬಿಗಿ.
ಮಾತು ಮುಗಿಯುವ ಮೊದಲೇ ಮುಂದಿನ ಮಾತು
ಅದರ ಹೆಗಲ ಮೇಲೆ ಹತ್ತಿ ಕೂರುತ್ತಿತ್ತು.
ಸೊಸೈಟಿಯಲ್ಲಿ ಸಾಲ ಎತ್ತಿ ಏಳು ಸೈಕಲ್ ಕೊಂಡೆ,
ಕೇರಿಯ ಹುಡುಗಿಯರಿಗೆ ಹಂಚಿದೆ.
"ಏನ್ ಗೆಲುವಾಗವ್ನೆ ಚೆಲುವಯ್ಯ! ಈಗ ಮನುಸ್ಯ ಆದ ನೋಡು."
ಯಾರಿಗೂ ಅದು ಕಾಯಿಲೆಯಂತೆ ಕಾಣಲಿಲ್ಲ. ನನಗಂತೂ
ಅದೊಂದೇ ಆರೋಗ್ಯ,
ಅದುವರೆಗಿನ ಆಯಸ್ಸೆಲ್ಲ ಜ್ವರ ಅನ್ನಿಸಿತ್ತು.
ಐದನೇ ರಾತ್ರಿ ತೂಬಿನ ಬೀಗ ತೆಗೆದು ಹಲಗೆ ಪೂರಾ ಎತ್ತಿದೆ.
ಕಡೇಭಾಗದ ಗದ್ದೆಗಳಿಗೆ ನೀರು ಮುಟ್ಟಿಸಲು
ಕಾವೇರಿ ನನ್ನನ್ನೇ ನೇಮಿಸಿದ್ದಾಳೆ ಅಂತ
ಸೊಂಟದ ಮಟ್ಟ ನೀರಲ್ಲಿ ನಿಂತು ಕೂಗಿದೆ.
ಬೆಳಿಗ್ಗೆ ಜವನಪ್ಪನ ಒಟ್ಲು ಕೊಚ್ಚಿಹೋಗಿತ್ತು.

ಕಟ್ಟೆ ತುಂಬಿದರೆ ಬಾಗಿನ ತರುತ್ತಾರೆ.
ನಾನು ತುಂಬಿದಾಗ ಹಗ್ಗ ತಂದರು.

ಆಮೇಲೆ ಇಳಿಯಿತು. ಯಾರೂ ಏನೂ ಎತ್ತಲಿಲ್ಲ, ತಾನಾಗಿ.
ಹಲ್ಲುಜ್ಜುವ ಬ್ರಷ್ಷು ಹಾರೆಯಷ್ಟು ಭಾರ.
ಗೋಡೆ ಕಡೆ ಮುಖ ಮಾಡಿ, ಸುಣ್ಣದ ಒಂದು ಬಿರುಕನ್ನು
ಮಾಗಿ ಪೂರ್ತಿ ನೋಡಿದೆ.
ಮಗಳು ಇಂಚರ ತಟ್ಟೆ ಇಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು,
ಉಸಿರಾಡ್ತಾ ಇದೀನಾ ಅಂತ ಕೇಳಿಸಿಕೊಳ್ಳಲು.
ದುಃಖ ಅನ್ನುತ್ತಾರೆ ಅದನ್ನು. ಅಳುವುದಕ್ಕೂ ಒಂದಿಷ್ಟು ನೀರು ಬೇಕು.

ಗಾಳಿ ಅಂದರು. ಮಾಟ ಅಂದರು. ತಾಯತ ಮೂರು, ಕೋಳಿ ಒಂದು.
ಹೊಂಬಾಳಮ್ಮನ ಕಾಲ್ಗುಣ ಅಂದರು, ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ!
"ಸೋಂಬೇರಿಗೆ ಡಾಕ್ಟ್ರು ಚೀಟಿ ಬೇರೆ" ಅಂದ ಷಡ್ಡಕ.
ಎದುರುಮನೆಯವರು ಮಕ್ಕಳನ್ನು ಒಳಗೆ ಎಳೆದುಕೊಂಡರು,
ನಾನು ಡೈರಿಯಿಂದ ಹಾಲು ತರುತ್ತಿದ್ದೆ, ಅಷ್ಟೇ.
ಕಾಲೇಜು ಓದುವ ಭಾವಮೈದ ನಕ್ಕ:
"ನಂಗೂ ಅದೇಯ ಭಾವ, ಬೆಳಿಗ್ಗೆ ಒಂದ್ ಮೂಡು, ಸಂಜೆಗೊಂದು."
ಅಯ್ಯೋ ಮಗನೆ, ಅದು ನಲ್ಲಿ. ನಂದು ನಾಲೆ.
ಬಿಟ್ಟರೆ ತಿಂಗಳು, ನಿಂತರೆ ತಿಂಗಳು.

ಜವನಪ್ಪ ಬೈಯಲಿಲ್ಲ. ಗಾದೆ ಹೇಳಿದ:
"ಉಪ್ಪು ತಿಂದೋನು ನೀರು ಕುಡೀಲೇಬೇಕು."
ಯಾವ ಜನ್ಮದಲ್ಲಿ ತಿಂದ ಉಪ್ಪು ಅಂತ ಬಹಳ ದಿನ ಹುಡುಕಿದೆ.
ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗುಳಿಗೆ ಬರೆಯುತ್ತ ಅಂದರು:
"ಇದೂ ಒಂಥರಾ ಉಪ್ಪೇ ಕಣ್ರೀ. ನೀರು ಚೆನ್ನಾಗಿ ಕುಡೀರಿ.
ಚೆನ್ನಾಗಿದೀನಿ ಅನ್ನಿಸ್ತು ಅಂತ ಮಾತ್ರ ನಿಲ್ಲಿಸ್ಬೇಡಿ."
ನಗು ಬಂತು. ಎಷ್ಟೋ ತಿಂಗಳ ಮೇಲೆ, ಹೊಟ್ಟೆ ಹಿಡಿದುಕೊಳ್ಳುವಂಥ ನಗು.
ಪಾಪ ಅವರು ಪೆನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು,
ಮತ್ತೆ ಏರುತ್ತಿದೆಯೇನೋ ಅಂತ.

ಈಗ ಹೆಚ್ಚಿನ ದಿನ ನಾನು ಏನೂ ಅಲ್ಲ:
ಮುದ್ದೆ, ಉಪ್ಸಾರು, ಸೈಕಲ್ ಚೈನಿಗೆ ಎಣ್ಣೆ.
ಕೈ ಒಂಚೂರು ನಡುಗುತ್ತದೆ, ಸೈನು ಬೇರೆ ಯಾರದೋ ಅನ್ನುವಂತೆ.
ಆ ಐದು ರಾತ್ರಿಗಳ ಬೆಳಕು ನೆನಪಾಗುತ್ತದೆ, ಸುಳ್ಳು ಹೇಳಲಾರೆ;
ಹಳೆಯ ಗೆಣೆಯನಂತೆ ಬೀದಿ ತುದಿಯಲ್ಲಿ ನಿಂತು
ಕೈ ಬೀಸುತ್ತದೆ.

ರಾತ್ರಿ ಎರಡಕ್ಕೆ ಎದ್ದು ಕೂತರೆ
ಹೊಂಬಾಳಮ್ಮ ದೀಪ ಹಾಕದೆ ಕೇಳುತ್ತಾಳೆ:
"ನಿದ್ದೆ ಬರ್ತಿಲ್ವಾ? ಬ್ಯಾಡ್ವಾ?"

"ಎರಡೂ ಅಲ್ಲ ಕಣೇ. ಮೂರು ಚೊಂಬು ನೀರು ಕುಡ್ದಿವ್ನಿ. ಹಿತ್ಲಿಗೆ."

"ಬ್ಯಾಟ್ರಿ ತಕೊಂಡೋಗು" ಅಂತ
ಮಗ್ಗುಲಾಗುತ್ತಾಳೆ.